ಆರೈಕೆ ಒಬ್ಬಳ ಹೊಣೆಯೇ?

ಎಲ್ಲವನ್ನೂ ಬಲ್ಲವನಾಗಿದ್ದ ಮನುಷ್ಯ ಏನನ್ನೂ ಅರಿಯದವನಾಗಿ ಬಿಡುವ ವೃದ್ಧಾಪ್ಯವನ್ನು ಪವಿತ್ರ ಕುರ್‌ಆನ್ ನೆನಪಿಸುತ್ತದೆ. ಆದರೆ ಅಂತಹ ಹಿರಿಯರು ನಮ್ಮ ಮನೆಯಲ್ಲೇ ಇದ್ದಾಗ ನಾವು ಮಾಡುವುದೇನು? 'ಅರವತ್ತಕ್ಕೆ ಅರಳು ಮರಳು' ಎಂದು ನಕ್ಕು ಬಿಡುತ್ತೇವೆ. ಇಲ್ಲವೇ ಜಿನ್ನ್ ಬಾಧೆಯೆಂದು ತಾಯಿತ ಕಟ್ಟಿಸಲು ಓಡುತ್ತೇವೆ. ಇದು ಹುಚ್ಚೂ ಅಲ್ಲ, ಹಟವೂ ಅಲ್ಲ. ಮೆದುಳಿನ ಕಾಯಿಲೆ ಎಂಬುದನ್ನು ಮೊದಲು ಅರಿಯಬೇಕಾಗಿದೆ.

ಪಾರ್ಕಿನ್ಸನ್ಸ್ ಕಾಯಿಲೆಯನ್ನು 1817ರಲ್ಲೂ ಅಲ್ಝೈಮರ್ಸ್ ಕಾಯಿಲೆಯನ್ನು 1906ರಲ್ಲೂ ವೈದ್ಯರು ಗುರುತಿಸಿದ್ದರು. ಮೊದಲನೆಯದರಲ್ಲಿ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಎರಡನೆಯದು ನೆನಪನ್ನೂ ವಿವೇಚನೆಯನ್ನೂ ಕಸಿಯುತ್ತದೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನರು ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ನಗರಕ್ಕಿಂತ ಹಳ್ಳಿಯಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು. ಪೂರ್ಣ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಥೈರಾಯ್ಡ್ ದೋಷ ಮತ್ತು ಬಿ12 ಕೊರತೆಯಿಂದಲೂ ಮರೆವು ಬರುವುದುಂಟು, ಅದನ್ನು ಸರಿಪಡಿಸಬಹುದು. ಆದ್ದರಿಂದ ವೈದ್ಯರ ತಪಾಸಣೆಯೇ ಮೊದಲ ಹೆಜ್ಜೆ.

ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳ ಗಂಡುಮಕ್ಕಳು ಗಲ್ಫ್‌ನಲ್ಲೋ ಮುಂಬೈ, ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ. ತಿಂಗಳು ತಿಂಗಳು ಹಣ ಬರುತ್ತದೆ. ಆದರೆ ನಡುರಾತ್ರಿ ಬಾಗಿಲು ತೆಗೆದು ಹೊರಡುವ ಮಾವನನ್ನು ತಡೆಯುವವಳು, ಹಾಸಿಗೆ ಬದಲಿಸುವವಳು, ಒಂದೇ ಪ್ರಶ್ನೆಗೆ ಇಪ್ಪತ್ತು ಬಾರಿ ಉತ್ತರಿಸುವವಳು ಸೊಸೆ ಅಥವಾ ಮಗಳು. ಹೆತ್ತವರ ಸೇವೆಯ ಹೊಣೆಯನ್ನು ಇಸ್ಲಾಮ್ ಮಕ್ಕಳ ಮೇಲೆ ಹೊರಿಸಿದೆ. ಅತ್ತೆ-ಮಾವಂದಿರ ಸೇವೆ ಸೊಸೆಗೆ ಧಾರ್ಮಿಕವಾಗಿ ಕಡ್ಡಾಯವಲ್ಲ, ಅದು ಅವಳ ಔದಾರ್ಯ ಎಂಬುದೇ ಫಿಕ್ಹ್ ವಿದ್ವಾಂಸರ ಬಹುಮತದ ನಿಲುವು. ಆ ಔದಾರ್ಯವನ್ನು ಹಕ್ಕೆಂದು ವಸೂಲು ಮಾಡುವುದು ಯಾವ ನ್ಯಾಯ? ಸ್ವರ್ಗದ ಆಸೆ ತೋರಿಸಿ ಅವಳ ನಿದ್ದೆಯನ್ನು ಕಸಿಯುವ ಅಧಿಕಾರ ನಮಗೆ ಯಾರು ಕೊಟ್ಟರು?

ರಕ್‌ಅತ್ ಮರೆತು ನಮಾಝನ್ನು ಮತ್ತೆ ಮತ್ತೆ ನಿರ್ವಹಿಸುವ ಹಿರಿಯರನ್ನು ಗದರಿಸುವವರೂ ಇದ್ದಾರೆ. ಬುದ್ಧಿಯ ಹಿಡಿತ ತಪ್ಪಿದವರ ಮೇಲೆ ಶರೀಅತ್ ಹೊಣೆ ಹೊರಿಸಿಲ್ಲ. ಅಲ್ಲಾಹನೇ ವಿನಾಯಿತಿ ನೀಡಿರುವಾಗ ಗದರಿಸಲು ನಾವು ಯಾರು?

ಸರಕಾರದ ಹೊಣೆಯೂ ಕಡಿಮೆಯದಲ್ಲ. 2022ರಲ್ಲಿ ರಾಜ್ಯ ಸರಕಾರವು ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಜಿಲ್ಲಾಸ್ಪತ್ರೆಗಳಲ್ಲಿ ಕ್ಲಿನಿಕ್ ನಡೆಸುವುದು ಅದರ ಕ್ರಮ. ಆದರೆ ನಮ್ಮ ಜಿಲ್ಲಾಸ್ಪತ್ರೆ ಇರುವುದು ಕಾರವಾರದಲ್ಲಿ. ಭಟ್ಕಳದಿಂದ ನೂರು ಕಿಲೋಮೀಟರ್‌ಗೂ ಮಿಕ್ಕ ದೂರ. ಅದೇ ವರ್ಷದ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಮೃತಪಟ್ಟಾಗ ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯೇ ಕೂಗೆದ್ದಿತ್ತು. ಕೈಕಾಲು ನಡುಗುವ, ದಾರಿಯುದ್ದಕ್ಕೂ ಗಾಬರಿಗೊಳ್ಳುವ ರೋಗಿಯನ್ನು ಅಷ್ಟು ದೂರ ಒಯ್ಯುವ ಕಷ್ಟ ಒಯ್ದವರಿಗೇ ಗೊತ್ತು. ತಿಂಗಳಿಗೊಮ್ಮೆಯಾದರೂ ತಜ್ಞರು ಈ ಮೂರೂ ತಾಲೂಕು ಆಸ್ಪತ್ರೆಗಳಿಗೆ ಬರಲಿ ಎಂದು ಕೇಳುವುದು ದುಬಾರಿ ಬೇಡಿಕೆಯೇನಲ್ಲ.

2016ರ ವಿಕಲಚೇತನರ ಹಕ್ಕು ಕಾಯ್ದೆಯು ಪಾರ್ಕಿನ್ಸನ್ಸ್ ಅನ್ನು ಹೆಸರಿಸಿದೆ. 2024ರ ರಾಜ್ಯ ಬಜೆಟ್ ಆ ರೋಗಿಗಳ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಭತ್ಯೆ ಘೋಷಿಸಿತು. ಅಲ್ಝೈಮರ್ಸ್‌ನ ಹೆಸರು ಎರಡರಲ್ಲೂ ಇಲ್ಲ. ಹೆಸರನ್ನೇ ಮರೆಸುವ ಕಾಯಿಲೆಯ ಹೆಸರನ್ನು ಕಾನೂನೂ ಮರೆತರೆ ಹೇಗೆ?

ಸರಕಾರ ಎಚ್ಚೆತ್ತುಕೊಳ್ಳುವ ವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. 1912ರಲ್ಲಿ ತಂಝೀಮನ್ನೂ 1919ರಲ್ಲಿ ಅಂಜುಮನನ್ನೂ ಕಟ್ಟಿದ ಊರು ಭಟ್ಕಳ. ಪ್ರತಿಯೊಂದು ಮೊಹಲ್ಲಾದ ಜಮಾಅತ್ ಇಂತಹ ಮನೆಗಳನ್ನು ಗುರುತಿಸಲಿ. ವಾರದಲ್ಲಿ ಒಂದು ಮಧ್ಯಾಹ್ನ ರೋಗಿಯ ಬಳಿ ಕೂರಲು ತರಬೇತಾದ ಯುವಕ-ಯುವತಿಯರನ್ನು ಕಳುಹಿಸಲಿ. ಆರೈಕೆ ಮಾಡುವವಳು ಅಷ್ಟು ಹೊತ್ತಾದರೂ ಮಲಗಲಿ. ಬೆರಳ ಮುದ್ರೆ ಒತ್ತಿಸಿ ಆಸ್ತಿ ಬರೆಸಿಕೊಳ್ಳುವವರನ್ನು ತಡೆಯಲಿ. ವಿದೇಶದಲ್ಲಿರುವ ಮಕ್ಕಳು ಹಣದ ಜೊತೆ ರಜೆಯನ್ನೂ ಹಂಚಿಕೊಳ್ಳಲಿ. ಮನಸ್ಸು ದಣಿದವರಿಗೆ ಟೆಲಿ ಮನಸ್‌ನ 14416, ಹಿರಿಯರಿಗೆ 14567 ಉಚಿತ ಸಹಾಯವಾಣಿಗಳಿವೆಯೆಂದು ಜುಮಾ ಪ್ರವಚನದಲ್ಲೇ ತಿಳಿಸಲಿ.

ಈ ಕಾಯಿಲೆ ನವಾಯತ, ನಾಮಧಾರಿ, ಹಾಲಕ್ಕಿ, ಖಾರ್ವಿ, ಹವ್ಯಕ ಎಂದು ಮನೆ ನೋಡಿ ಬರುವುದಿಲ್ಲ. ನಮ್ಮ ನೆರವೂ ಮನೆ ನೋಡಿ ಹೋಗಬಾರದು. ರೋಗಿ ನಮ್ಮನ್ನು ಮರೆಯಬಹುದು. ರೋಗಿಯನ್ನೂ ಅವರನ್ನು ಹೊತ್ತು ನಿಂತವರನ್ನೂ ಮರೆಯುವ ಹಕ್ಕು ನಮಗಿಲ್ಲ.