ರ‍್ಯಾಕ್ ಬಿಚ್ಚೋಣ, ಆದರೆ ಎಲ್ಲಿ ನಿಲ್ಲಬೇಕು ಗೊತ್ತಿರಲಿ

ಹಳೆ ಕಾರಿನ ಪವರ್ ಸ್ಟೀರಿಂಗ್‌ನಿಂದ ಆಯಿಲ್ ಸೋರಿದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗೋ ಉತ್ತರ: "ರ‍್ಯಾಕ್ ಅಸೆಂಬ್ಲಿನೇ ಚೇಂಜ್ ಮಾಡ್ಬೇಕು ಸಾರ್." ಒಳಗೆ ಹಾಳಾಗಿರೋದು ಎಷ್ಟೋ ಸಲ ಒಂದೆರಡು ಸೀಲ್ ಅಷ್ಟೇ. ಹೈಡ್ರಾಲಿಕ್ ರ‍್ಯಾಕನ್ನು ಮನೆಯಲ್ಲೇ ಬಿಚ್ಚಿ ಸೀಲ್ ಬದಲಾಯಿಸಬಹುದು ಅನ್ನೋದು ನನ್ನ ಅಭಿಪ್ರಾಯ. ಎಂಜಿನಿಯರಿಂಗ್ ಓದೋ ನಾವೇ ಹೆದರಿದರೆ ಇನ್ಯಾರು ಬಿಚ್ಚಬೇಕು?

ಒಳಗೆ ಮಾಯಾಜಾಲ ಏನಿಲ್ಲ. ಹಲ್ಲಿರೋ ಒಂದು ಉದ್ದನೆ ಕಂಬಿ, ಅದನ್ನು ಸರಿಸೋ ಪಿನಿಯನ್, ಕಂಬಿ ಮೇಲೊಂದು ಪಿಸ್ಟನ್. ಸ್ಟೀರಿಂಗ್ ತಿರುಗಿಸಿದಾಗ ಟಾರ್ಷನ್ ಬಾರ್ ಚೂರು ತಿರುಚಿಕೊಳ್ಳುತ್ತೆ, ವಾಲ್ವ್ ತೆರೆಯುತ್ತೆ, ಪಂಪಿನ ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗುತ್ತೆ. ಟೈರಿನಲ್ಲಿ ಸುಮಾರು 2 ಬಾರ್ ಗಾಳಿ ಇದ್ದರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಇಲ್ಲಿ 70–100 ಬಾರ್ ಒತ್ತಡ ಇರಬಹುದು. ಅಷ್ಟನ್ನೂ ತಡೆಯೋದು ಆ ಸಣ್ಣ ಸೀಲ್‌ಗಳು.

ಇಲ್ಲಿ ಬೇಕಿರೋದು ಶಕ್ತಿಗಿಂತ ತಾಳ್ಮೆ. ಹೊಸ ಸೀಲನ್ನು ಹಾಗೇ ತೂರಿಸಿದರೆ ಕಂಬಿಯ ಹಲ್ಲೇ ಅದರ ತುಟಿಯನ್ನು ಕತ್ತರಿಸುತ್ತೆ. ಹಲ್ಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಎಣ್ಣೆ ಸವರಿ ಜಾರಿಸಬೇಕು. ರ‍್ಯಾಕನ್ನು ಪಿನಿಯನ್ನಿಗೆ ಒತ್ತಿ ಹಿಡಿಯೋ ಸ್ಕ್ರೂ ಬಿಚ್ಚೋ ಮೊದಲು ಗುರುತು ಹಾಕಿಕೊಳ್ಳಬೇಕು. ಬಿಗಿ ಜಾಸ್ತಿ ಆದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ, ಸಡಿಲ ಆದರೆ ಲಟಲಟ ಸದ್ದು.

"ಸ್ಟೀರಿಂಗ್ ಜೀವದ ಪ್ರಶ್ನೆ, ಮನೇಲಿ ಆಟ ಆಡ್ಬಾರ್ದು" ಅಂತ ಕೆಲವರು ಹೇಳ್ತಾರೆ. ಅವರ ಮಾತು ಸುಳ್ಳಲ್ಲ. ಅದಕ್ಕೇ ಗೆರೆ ಎಲ್ಲಿ ಅಂತ ಗೊತ್ತಿರಬೇಕು. ಬೂಟ್ ಹರಿದು, ನೀರು ಹೋಗಿ, ಕಂಬಿಗೆ ತುಕ್ಕಿನ ಗುಂಡಿ ಬಿದ್ದಿದ್ದರೆ ಅಲ್ಲೇ ನಿಲ್ಲಿಸಿ. ಹೊಸ ಸೀಲನ್ನೂ ಅದು ಕೆರೆದು ಹಾಕುತ್ತೆ. ಟಾರ್ಷನ್ ಬಾರಿನ ಪಿನ್ ಮುಟ್ಟಲೇಬೇಡಿ, ಅದನ್ನು ಫ್ಯಾಕ್ಟರಿಯಲ್ಲಿ ವಾಲ್ವಿನ ಮಧ್ಯಬಿಂದು ನೋಡಿ ಕೂರಿಸಿರುತ್ತಾರೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಕೆಲಸ ಮುಗಿದ ಮೇಲೆ ಗಾಳಿ ತೆಗೆದು, ವೀಲ್ ಅಲೈನ್‌ಮೆಂಟ್ ಮಾಡಿಸದೆ ರೋಡಿಗೆ ಇಳಿಸಬೇಡಿ. ಎಲೆಕ್ಟ್ರಿಕ್ ಸ್ಟೀರಿಂಗ್ ಕಥೆಯೇ ಬೇರೆ. ಅಲ್ಲಿ ಸೆನ್ಸರ್, ಕಂಪ್ಯೂಟರ್ ಎಲ್ಲ ಇದೆ, ಸೀಲ್ ಕಿಟ್ ಲೆಕ್ಕ ನಡೆಯಲ್ಲ.

ಅಪಾಯ ನಿಜವಾಗಿ ಹೆಚ್ಚೋದು ಮಾಹಿತಿ ಸಿಗದಿದ್ದಾಗ. ಯಾವ ನಟ್ಟಿಗೆ ಎಷ್ಟು ಟಾರ್ಕ್ ಅಂತ ಗೊತ್ತಿಲ್ಲದವನು ಅಂದಾಜಿನಲ್ಲಿ ಬಿಗಿ ಮಾಡ್ತಾನೆ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ, ಉಪಕರಣ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ₹2,500 ಕೋಟಿಗೂ ಹೆಚ್ಚು ದಂಡ ಹಾಕಿತ್ತು. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳೂ ಸೇರಿದ್ದವು. ಆದರೆ ಹಕ್ಕು ಇದ್ದರೆ ಸಾಕಾ? ಬಿಚ್ಚೋಕೆ ಬರೋ ಕೈಯೂ ಬೇಕಲ್ವಾ?

ವರ್ಕ್‌ಶಾಪ್ ಲ್ಯಾಬಿನಲ್ಲಿ ಕಬ್ಬಿಣದ ಪ್ಲೇಟ್ ಉಜ್ಜಿ ವಿ-ಜಾಯಿಂಟ್ ಮಾಡಿದ್ವಿ, ರೆಕಾರ್ಡ್ ಬರೆದ್ವಿ. ಅದರ ಜೊತೆಗೆ ಗುಜರಿಯಿಂದ ಒಂದು ಹಳೆ ರ‍್ಯಾಕ್ ತಂದು ಬೆಂಚಿನ ಮೇಲೆ ಇಟ್ಟರೆ ಸಾಕು. ಅದು ರೋಡಿಗೆ ಹೋಗಲ್ಲ, ಯಾರ ಜೀವಕ್ಕೂ ಅಪಾಯ ಇಲ್ಲ. ಮನೆಯ ಕಾರಿಗೆ ಕೈ ಹಾಕೋ ಮೊದಲು ಅದನ್ನು ನಾಲ್ಕು ಸಲ ಬಿಚ್ಚಿ ಜೋಡಿಸೋಣ. ಈ ಸೆಮಿಸ್ಟರ್‌ನಲ್ಲೇ ಕೇಳೋಣ.