ವೈದ್ಯನ ಮಾತಿಗೂ ಪರೀಕ್ಷೆ ಬೇಕು

ಸ್ಥೂಲಕಾಯಕ್ಕೆ ಶಸ್ತ್ರಚಿಕಿತ್ಸೆಯೇ ದಾರಿಯೆಂದು ವೈದ್ಯರು ಸೂಚಿಸಿದಾಗ ಜೈನ ಮನೆಗಳಲ್ಲಿ ಎರಡು ಬಗೆಯ ಉತ್ತರ ಕೇಳಿಬರುತ್ತದೆ. “ಹೊಟ್ಟೆ ಕೊಯ್ಯಿಸಿಕೊಳ್ಳುವುದು ಹಿಂಸೆ, ನಾಲ್ಕು ಉಪವಾಸ ಹಿಡಿದರೆ ಮೈ ತಾನೇ ಇಳಿಯುತ್ತದೆ” ಎಂಬುದು ಹಿರಿಯರ ಮಾತು. “ದೊಡ್ಡ ಡಾಕ್ಟರೇ ಹೇಳಿದ ಮೇಲೆ ವಿಚಾರಿಸುವುದೇನು?” ಎಂಬುದು ಕಿರಿಯರ ಮಾತು. ಮೊದಲನೆಯದು ಧರ್ಮವಲ್ಲ, ಎರಡನೆಯದು ವಿಜ್ಞಾನವಲ್ಲ. ಎರಡರಲ್ಲಿಯೂ ಪರೀಕ್ಷೆಯೇ ಇಲ್ಲ.

ಮೊದಲು ಹಿರಿಯರ ವಾದವನ್ನು ನೋಡಬೇಕು. ಪ್ರಮಾದದಿಂದ ಪ್ರಾಣಕ್ಕೆ ಮಾಡುವ ಹಾನಿಯೇ ಹಿಂಸೆಯೆಂದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ರೋಗಿಯನ್ನು ಉಳಿಸಲು ಎಚ್ಚರದಿಂದ ಹಿಡಿದ ಶಸ್ತ್ರವು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ಎಣಿಸಿದ ಪರಂಪರೆ ನಮ್ಮದು. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಅವರು ವೈದ್ಯವನ್ನು ತಿರಸ್ಕರಿಸಲಿಲ್ಲ, ಶೋಧಿಸಿ ಸ್ವೀಕರಿಸಿದರು.

ಇನ್ನು ಉಪವಾಸದ ಮಾತು. ತಪಸ್ಸಿನ ಫಲ ಕರ್ಮನಿರ್ಜರೆ. ತಕ್ಕಡಿಯ ಮುಳ್ಳನ್ನು ನೋಡುತ್ತ ಮಾಡುವ ಉಪವಾಸ ತಪಸ್ಸಲ್ಲ, ವ್ಯವಹಾರ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಸ್ಥೂಲಕಾಯರಿಗೆ ವೈದ್ಯರನ್ನು ಕೇಳದೆ ನಿರ್ಜಲ ಉಪವಾಸವನ್ನು ಬೋಧಿಸುವವರು ಪುಣ್ಯ ಗಳಿಸುತ್ತಿಲ್ಲ. ಅವರ ಪ್ರಾಣವನ್ನು ಅಪಾಯಕ್ಕೆ ಒಡ್ಡುತ್ತಿದ್ದಾರೆ.

ಕಿರಿಯರ ವಾದವೂ ಇಷ್ಟೇ ದುರ್ಬಲ. ಗುಬ್ಬಿಯ ಅಡಿಕೆ ವರ್ತಕನು ಚೀಲ ಬಿಚ್ಚಿಸಿ ನೋಡದೆ ದರ ಹೇಳುವುದಿಲ್ಲ. ಅದೇ ವರ್ತಕನ ಮನೆಯವರು ಜಾಹೀರಾತಿನ ‘ಮೊದಲು–ಆಮೇಲೆ’ ಚಿತ್ರಗಳನ್ನು ನಂಬಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಎಂಥ ವಿವೇಕ? ಕೊಬ್ಬು ಹೀರುವ ಸೌಂದರ್ಯ ಚಿಕಿತ್ಸೆ ಬೇರೆ, ಜಠರವನ್ನು ಕಿರಿದುಗೊಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆ ಎಂಬ ತಿಳಿವಳಿಕೆಯೂ ಅನೇಕರಿಗಿಲ್ಲ. ಮೊದಲನೆಯದು ಚರ್ಮದಡಿಯ ಕೊಬ್ಬನ್ನು ಮಾತ್ರ ತೆಗೆಯುತ್ತದೆ. ಅದು ಮಧುಮೇಹದ ಚಿಕಿತ್ಸೆಯಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತಮ್ಮ ೨೧ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಅಂಥ ಕೊಬ್ಬು ತೆಗೆಯುವ ಚಿಕಿತ್ಸೆಗೆ ಒಳಗಾಗಿ ಮರಣಹೊಂದಿದರು. ಸರಿಯಾದ ಸೌಲಭ್ಯಗಳಿಲ್ಲದೆ, ತಮಗೆ ತಿಳಿಸದೆ ಚಿಕಿತ್ಸೆ ನಡೆಯಿತೆಂದು ಹೆತ್ತವರು ದೂರಿದರು. ೨೦೨೪ರ ಏಪ್ರಿಲ್‌ನಲ್ಲಿ ಪುದುಚ್ಚೇರಿಯ ಯುವಕನೊಬ್ಬನು ಚೆನ್ನೈ ಬಳಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡಾಗ ತಮಿಳುನಾಡು ಸರ್ಕಾರ ತನಿಖೆ ನಡೆಸಿ ಆ ಆಸ್ಪತ್ರೆಯ ನೋಂದಣಿಯನ್ನು ತಾತ್ಕಾಲಿಕವಾಗಿ ಅಮಾನತ್ತಿನಲ್ಲಿಟ್ಟಿತು.

ಹಾಗೆಂದು ಶಸ್ತ್ರಚಿಕಿತ್ಸೆಯೇ ಮೋಸವೆನ್ನುವುದು ಅನ್ಯಾಯ. ನುರಿತ ಕೇಂದ್ರಗಳಲ್ಲಿ ಇದರಿಂದ ಮರಣ ವಿರಳ. ತೀವ್ರ ಸ್ಥೂಲಕಾಯರಲ್ಲಿ ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆಗಳು ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. ಆದರೆ ಯಾರಿಗೆ? ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಬಿ.ಎಂ.ಐ. ೧೯೯೧ರಲ್ಲಿ ಅಮೆರಿಕೆಯ ತಜ್ಞರು ಈ ಅಂಕಿ ೪೦ ಇದ್ದವರಿಗೆ, ಬೇರೆ ಕಾಯಿಲೆಗಳಿದ್ದರೆ ೩೫ ಇದ್ದವರಿಗೆ ಶಸ್ತ್ರಚಿಕಿತ್ಸೆಯೆಂದು ನಿಗದಿಪಡಿಸಿದ್ದರು. ೨೦೨೨ರಲ್ಲಿ ಶಸ್ತ್ರವೈದ್ಯರ ಸಂಘಗಳು ಅದನ್ನು ೩೫ಕ್ಕೆ ಮತ್ತು ೩೦ಕ್ಕೆ ಇಳಿಸಿದವು, ಏಷ್ಯಾದವರಿಗೆ ೨೭.೫ ಆದರೂ ಸಾಕೆಂದವು. ೧೬೦ ಸೆಂಟಿಮೀಟರ್ ಎತ್ತರದವರಿಗೆ ೪೦ ಎಂದರೆ ೧೦೨ ಕಿಲೋ, ೨೭.೫ ಎಂದರೆ ೭೦ ಕಿಲೋ. ಏಷ್ಯಾದವರಿಗೆ ಕಡಿಮೆ ತೂಕದಲ್ಲಿಯೇ ಮಧುಮೇಹ ಬರುವುದೆಂಬ ಕಾರಣ ಇದಕ್ಕುಂಟು. ಆದರೂ ‘ಅರ್ಹ’ ಎಂಬುದಕ್ಕೂ ‘ಅವಶ್ಯ’ ಎಂಬುದಕ್ಕೂ ಅಂತರವಿದೆ. ಆಹಾರಕ್ರಮ, ವ್ಯಾಯಾಮ, ಹೊಸ ಔಷಧಗಳು ತಮಗೇಕೆ ಸಾಲವೆಂದು ಕೇಳುವುದು ರೋಗಿಯ ಹಕ್ಕು.

ಜೈನ ರೋಗಿಯು ಕೇಳಬೇಕಾದ ಬೇರೆ ಪ್ರಶ್ನೆಗಳೂ ಇವೆ. ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿದ ಮೇಲೆ ಅದು ಮರಳಿ ಬರುವುದಿಲ್ಲ. ಜೀವಮಾನವಿಡೀ ಬಿ೧೨, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಸೇವಿಸಬೇಕು. ಸಸ್ಯಾಹಾರಿಗಳಲ್ಲಿ ಬಿ೧೨ ಮೊದಲೇ ಕಡಿಮೆ. ದಿನಕ್ಕೆ ಕನಿಷ್ಠ ೬೦ ಗ್ರಾಂ ಪ್ರೋಟೀನನ್ನು ಮೊಟ್ಟೆಯಿಲ್ಲದೆ ಹಾಲು, ಪನೀರು, ಬೇಳೆಗಳಿಂದ ಹೇಗೆ ಪಡೆಯುವುದು? ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣಬೇಕಾದವರು ಸೂರ್ಯಾಸ್ತದೊಳಗೆ ಅದನ್ನು ಹೇಗೆ ಹೊಂದಿಸುವುದು? ಏಕಾಶನ, ನಿರ್ಜಲ ಉಪವಾಸಗಳನ್ನು ಬಿಡಬೇಕಾದೀತೇ? ಗುಳಿಗೆಯ ಹೊದಿಕೆ ಪ್ರಾಣಿಜನ್ಯ ಜೆಲಟಿನ್ನಿನದೇ? ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಕೃತಕವಾಗಿ ತಯಾರಿಸಿದ ಫಾಂಡಾಪ್ಯಾರಿನಕ್ಸ್ ಆದೀತೇ? ಇವನ್ನು ಮೊದಲೇ ಕೇಳಿದರೆ ಉಪಾಯವುಂಟು. ಶಸ್ತ್ರಚಿಕಿತ್ಸೆಯಾದ ಮೇಲೆ ತಿಳಿದು ಔಷಧವನ್ನು ಬಿಟ್ಟರೆ ವ್ರತವೂ ಉಳಿಯದು, ದೇಹವೂ ಉಳಿಯದು.

ಊರಿನ ಪ್ರಶ್ನೆಯೂ ಇದೆ. ಹೊಲಿಗೆ ಹಾಕಿದೆಡೆ ಸೋರಿಕೆಯಾದರೆ ಜ್ವರ, ಹೊಟ್ಟೆನೋವು, ನಾಡಿಯ ವೇಗ ಕಾಣಿಸಿಕೊಳ್ಳುತ್ತವೆ. ಅದು ಮನೆಗೆ ಮರಳಿದ ಮೇಲೂ ಆಗಬಹುದು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಕುಣಿಗಲ್ಲಿಗೋ ಗುಬ್ಬಿಗೋ ಬಂದವರು ನಡುರಾತ್ರಿ ಯಾರನ್ನು ಕರೆಯಬೇಕು? ತುಮಕೂರಿನಲ್ಲಿ ಯಾವ ವೈದ್ಯರು ಅವರ ಕಡತವನ್ನು ಬಲ್ಲರು? ಇದಕ್ಕೆ ಬರಹದಲ್ಲಿ ಉತ್ತರ ಕೊಡದ ಆಸ್ಪತ್ರೆಯ ಸಲಹೆ ಅರ್ಧ ಸಲಹೆಯೇ ಸರಿ.

“ಇಷ್ಟೆಲ್ಲ ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ” ಎನ್ನುವವರಿದ್ದಾರೆ. ಸಿಟ್ಟಾಗಲಿ. ಲಾಭದ ಜೊತೆಗೆ ನಷ್ಟವನ್ನೂ ತೆರೆದಿಡುವವರು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರೆಂದು ತಾವೇ ಹೇಳುವವರು ನಂಬಿಕೆಗೆ ಪಾತ್ರರು. ‘ಈ ವಾರವೇ ಮುಂಗಡ ಕಟ್ಟಿದರೆ ರಿಯಾಯಿತಿ’ ಎನ್ನುವವರು ವೈದ್ಯವೃತ್ತಿಯ ಮಾತನ್ನಾಡುತ್ತಿಲ್ಲ.

ಬಸದಿಯ ಟ್ರಸ್ಟುಗಳ ಹೊಣೆಯೂ ಸ್ಪಷ್ಟ. ಸಭಾಭವನದಲ್ಲಿ ಉಚಿತ ತೂಕ ತಪಾಸಣೆಗೆ ಆಸ್ಪತ್ರೆಗಳಿಗೆ ಜಾಗ ಕೊಡುವ ಟ್ರಸ್ಟು, ಅಲ್ಲಿ ಶಸ್ತ್ರಚಿಕಿತ್ಸೆಗೆ ಗಿರಾಕಿ ಹಿಡಿಯುವುದನ್ನು ನಿಷೇಧಿಸಬೇಕು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರನ್ನು ಸನ್ಮಾನಿಸುವ ವೇದಿಕೆಯಿಂದಲೇ, ರೋಗಿಗಳು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದೆಂದು ಸಾರಬೇಕು. ಔಷಧದಾನದ ನಿಧಿಯಿಂದ ಬಡ ಶ್ರಾವಕರಿಗೆ ಎರಡನೆಯ ವೈದ್ಯರ ಸಲಹೆಯ ಶುಲ್ಕವನ್ನು ಭರಿಸಬೇಕು.

ಸ್ಥೂಲದೇಹಿಗಳನ್ನು ಜಿಹ್ವಾಲೋಲರೆಂದು ಹಳಿಯುವ ನಾಲಗೆಯೂ ಅಹಿಂಸೆಯ ಪಾಠವನ್ನು ಕಲಿಯಬೇಕಾಗಿದೆ. ಅವರಿಗೆ ಬೇಕಾದುದು ನಿಂದೆಯಲ್ಲ, ಪ್ರಶ್ನೆಗಳನ್ನು ಬರೆದುಕೊಂಡು ವೈದ್ಯರ ಮುಂದೆ ಜೊತೆಗೆ ಕೂರುವ ಒಬ್ಬ ಸಾಧರ್ಮಿ.