ಗೋಡೆಯ ತೇವ ಯಾರ ಹೊಣೆ?

ಮಳೆಗಾಲವು ಅರ್ಧಕ್ಕೆ ಬರುವ ವೇಳೆಗೆ ಮುಂಬಯಿಯಲ್ಲಿ ನಮ್ಮವರು ಬಾಡಿಗೆಗೆ ಹಿಡಿದಿರುವ ಖೋಲಿಗಳಲ್ಲಿ ಒಂದು ವಾಸನೆ ನೆಲೆಸುತ್ತದೆ. ಅದನ್ನು ವರ್ಣಿಸಬೇಕಾಗಿಲ್ಲ, ಓದುಗರ ಅಂಗಿಗಳಲ್ಲಿಯೇ ಅದು ಇದೆ. ಹೋಟೆಲಿನ ಕೆಲಸ ಮುಗಿಸಿ ನಡುರಾತ್ರಿ ಮರಳುವ ಹುಡುಗನು ಹಸಿ ಚಾಪೆಯ ಮೇಲೆ ಮೈಚಾಚುತ್ತಾನೆ. ಗುಮಾಸ್ತನು ಬೆಳಗಿನ ಗಾಡಿಯಲ್ಲಿ ಪಕ್ಕದವರು ಮುಖ ತಿರುಗಿಸಿದರೆಂದು ಕುಗ್ಗುತ್ತಾನೆ. ಟ್ರಂಕನ್ನು ತೆರೆದರೆ ಪರೀಕ್ಷೆ ಪಾಸಾದ ಸರ್ಟಿಫಿಕೇಟಿನ ಮೇಲೂ ಬೂಷ್ಟು. ಈ ಮುಗ್ಗುಲು ವಾಸನೆಯು ವಾಸಿಸುವವನ ಕೊಳಕುತನದ ಗುರುತೆಂದು ಮನೆಯೊಡೆಯರು ಹೇಳುತ್ತ ಬಂದಿದ್ದಾರೆ. ನಮ್ಮವರೂ ತಲೆತಗ್ಗಿಸಿ ಒಪ್ಪುತ್ತ ಬಂದಿದ್ದಾರೆ. ಒಪ್ಪಬೇಕಾದುದು ಅರ್ಧ ಮಾತ್ರವೆಂಬುದು ನಮ್ಮ ಅಭಿಪ್ರಾಯ.

ಮಳೆ ಹೆಚ್ಚು, ಆದುದರಿಂದ ಹೀಗೆ ಎಂಬ ಸಮಾಧಾನವೂ ಪೂರ್ಣ ಸತ್ಯವಲ್ಲ. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದೇನೋ ನಿಜ. ಆದರೆ ನಮ್ಮಲ್ಲಿ ಅನೇಕರು ಬಿಟ್ಟುಬಂದ ಮಂಗಳೂರು, ಉಡುಪಿಗಳ ಕರಾವಳಿಯಲ್ಲಿ ಅದು 3,000ವನ್ನೂ ಮೀರುತ್ತದೆ. ಅಲ್ಲಿ ಮಣ್ಣಿನ ಗೋಡೆಯ ಮನೆಗಳು ನಿಂತುದು ಹೇಗೆ? ಮಾಡು ಗೋಡೆಯನ್ನು ದಾಟಿ ಮೊಳಗಟ್ಟಲೆ ಚಾಚಿಕೊಂಡಿತ್ತು. ಇರಿಚಲು ಹೊಡೆಯುವ ಕಡೆಗೆ ಮಳೆ ಹಿಡಿಯುವ ಮುನ್ನವೇ ಮಡಲಿನ ತಟ್ಟಿಯನ್ನು ಕಟ್ಟುತ್ತಿದ್ದರು. ಬಚ್ಚಲೊಲೆಯ ಕಾವಿಗೆ ಬಟ್ಟೆ ಒಣಗುತ್ತಿತ್ತು. ಆವಿಯೂ ಹೊಗೆಯೂ ಹಂಚಿನ ಸಂದಿಯಿಂದ ಹೊರಟುಹೋಗುತ್ತಿದ್ದವು. (ಊರಿನಲ್ಲಿ ಬೂಷ್ಟೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ, ಪೆಟ್ಟಿಗೆಯ ತಳದ ಜರಿಸೀರೆಗಳು ನಮ್ಮನ್ನು ಸುಳ್ಳುಗಾರರೆಂದಾವು.) ನೀರು ಗೋಡೆಯನ್ನು ಮುಟ್ಟುವ ಮೊದಲೇ ತಡೆಯುವುದು ಮನೆಯ ಯಜಮಾನನ ಕೆಲಸವಾಗಿತ್ತು. ಮೇ ತಿಂಗಳಲ್ಲಿ ಇಲ್ಲಿಯ ಹಳೆಯ ಕಟ್ಟಡಗಳಿಗೆ ಹೊದಿಸುವ ನೀಲಿ ತಾಡಪತ್ರಿಯೂ ಆ ತಟ್ಟಿಯ ವಂಶದ್ದೇ. ಅದನ್ನು ಹೊದಿಸಬೇಕಾದವರು ಯಾರು?

ಖೋಲಿಯ ತೇವದಲ್ಲಿ ಎರಡು ಜಾತಿಗಳಿವೆ. ಒಂದು ನಮ್ಮದೇ. ಒಂದು ಕಿಲೋ ಅಡಿಗೆ ಅನಿಲವು ಉರಿದರೆ ಒಂದೂವರೆ ಕಿಲೋವಿನಷ್ಟು ನೀರಾವಿ ಹುಟ್ಟುತ್ತದೆಂಬುದು ರಸಾಯನಶಾಸ್ತ್ರದ ಸಾದಾ ಲೆಕ್ಕ. ಕುದಿಯುವ ಅನ್ನದ ಆವಿ, ಆರೆಂಟು ಮಂದಿಯ ಉಸಿರು, ಹಗ್ಗದ ಮೇಲಿನ ಬಟ್ಟೆ ಇವೆಲ್ಲ ಬೇರೆ. ಕಿಟಕಿ ಮುಚ್ಚಿದ ಹತ್ತಡಿಯ ಕೋಣೆಯಲ್ಲಿ ಇದು ಗೋಡೆಯನ್ನಲ್ಲದೆ ಇನ್ನೆಲ್ಲಿ ಸೇರೀತು? ಅಡಿಗೆಯ ಹೊತ್ತಿಗೆ ಕಿಟಕಿ ತೆರೆಯುವುದು, ಮಳೆ ಬಿಟ್ಟಾಗ ಗಾಳಿಯಾಡಿಸುವುದು, ಬಟ್ಟೆಯನ್ನು ಗ್ಯಾಲರಿಯಲ್ಲಿ ಹರವುವುದು, ಟ್ರಂಕನ್ನೂ ಕಪಾಟನ್ನೂ ಗೋಡೆಯಿಂದ ನಾಲ್ಕು ಬೆರಳು ದೂರವಿಡುವುದು ನಮ್ಮ ಕರ್ತವ್ಯ. ಅಗರಬತ್ತಿ, ನುಸಿಗುಳಿಗೆಗಳು ವಾಸನೆಯನ್ನು ಮರೆಸುತ್ತವೆಯೇ ಹೊರತು ತೇವವನ್ನು ಒಣಗಿಸವು. ಪಾಳಿಯ ಮೇಲೆ ಮಲಗುವ ಖೋಲಿಗಳಲ್ಲಿ ಹಾಸಿಗೆಗೆ ಒಣಗುವ ಬಿಡುವೇ ಇಲ್ಲವೆಂಬುದನ್ನು ನಾವು ಅರಿಯದವರಲ್ಲ.

ಎರಡನೆಯ ತೇವವು ನಮ್ಮದಲ್ಲ. ಮೇಲಿನ ಮನೆಯ ಮೋರಿ, ಒಡೆದ ಕೊಳವೆ, ಬಿರುಕುಬಿಟ್ಟ ಹೊರಗೋಡೆ ಇವು ಅದರ ಮೂಲ. ಗುರುತಿಸಲು ಎಂಜಿನಿಯರನು ಬೇಕಿಲ್ಲ. ಗೋಡೆಯನ್ನು ಒರಸಿ, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕು ಅಂಚುಗಳಿಗೂ ಅಂಟುಪಟ್ಟಿ ಹಾಕಿ ಮೆತ್ತಿ, ಎರಡು ದಿನ ಬಿಡಿರಿ. ಹನಿಗಳು ಹಾಳೆಯ ಹೊರಮೈಯಲ್ಲಿ ಕೂತರೆ ಅದು ಕೋಣೆಯ ಆವಿ. ಹಾಳೆಯ ಹಿಂದೆ ಗೋಡೆಯೇ ಬೆವೆತಿದ್ದರೆ ನೀರು ಒಳಗಿನಿಂದ ಬರುತ್ತಿದೆ. ಗಾರೆಯ ಮೇಲೆ ಬಿಳಿ ಉಪ್ಪು ಅರಳಿ ಉದುರುವುದೂ ಅದೇ ಸಾಕ್ಷಿ. ಅಂತಹ ಗೋಡೆಗೆ ಬಣ್ಣ ಬಳಿಯುವುದು ಹುಣ್ಣಿಗೆ ಗಂಧ ತೇಯ್ದು ಹಚ್ಚಿದಂತೆ.

ತೇವ ಮತ್ತು ಬೂಷ್ಟಿಗೂ ಕೆಮ್ಮು, ಉಬ್ಬಸಗಳಿಗೂ ಇರುವ ನಂಟನ್ನು 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಮಾರ್ಗಸೂಚಿಯಲ್ಲಿ ಎತ್ತಿಹೇಳಿತು. ಹೊಣೆಯನ್ನೂ ಅದು ಹಂಚಿತು: ಕಟ್ಟಡವನ್ನು ತೇವರಹಿತವಾಗಿಡುವುದು ಒಡೆಯನದು, ನೀರು ಗಾಳಿಗಳನ್ನು ವಿವೇಕದಿಂದ ಬಳಸುವುದು ವಾಸಿಸುವವನದು. ನಮ್ಮ ರಾಜ್ಯದ ಕಾನೂನೂ ಇದಕ್ಕೆ ದೂರವಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮಿನಂತೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ದುರಸ್ತಿಯು ಒಡೆಯನ ಹೊಣೆ. ನೋಟೀಸು ಕೊಟ್ಟ ಮೇಲೆ 15 ದಿನಗಳಿಗೆ ಕಡಿಮೆಯಲ್ಲದ ಯುಕ್ತ ಅವಧಿಯೊಳಗೆ ಅವನು ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಿಂದ ಮುರಿದುಕೊಳ್ಳಬಹುದು. ಆದರೆ ಅದು ವರ್ಷದ ಬಾಡಿಗೆಯ ಕಾಲುಪಾಲನ್ನು ಮೀರಕೂಡದು. ಹಳೆಯ ಪಗಡಿ ಖೋಲಿಗಳಲ್ಲಿ ಈ ಕಾಲುಪಾಲು ಒಂದು ಚೀಲ ಸಿಮೆಂಟಿಗೂ ಸಾಲದೆಂಬುದು ಬೇರೆ ಮಾತು.

ಕಷ್ಟವಿರುವುದು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿರುವವರಿಗೆ. ಅವರು ಈ ಕಲಮಿನ ಬಾಡಿಗೆದಾರರಲ್ಲ. ಕರಾರಿನಲ್ಲಿ ಬರೆದುದೇ ಅವರ ಬಲ. ನಮ್ಮ ಪರಿಚಯದ ಗುಮಾಸ್ತರೊಬ್ಬರು ಉಪನಗರದ ಮನೆಯನ್ನು ಬಿಡುವಾಗ ಬೂಷ್ಟು ಹಿಡಿದ ಗೋಡೆಗೆ ಬಣ್ಣದ ಖರ್ಚೆಂದು ಅವರ ಠೇವಣಿಯಿಂದ ಒಂದು ತಿಂಗಳ ಬಾಡಿಗೆಯಷ್ಟು ಮುರಿದುಕೊಳ್ಳಲಾಯಿತು. ಆ ಗೋಡೆಯ ಹಿಂದೆ ನೆರೆಮನೆಯ ಕೊಳವೆ ಸೋರುತ್ತಿತ್ತು. ಅವರು ಮೂರು ಸಲ ಬಾಯಿಮಾತಿನಲ್ಲಿ ಹೇಳಿದ್ದರು, ಒಮ್ಮೆಯೂ ಬರೆದುಕೊಟ್ಟಿರಲಿಲ್ಲ. ಹತ್ತಾರು ಕಚೇರಿ ಪತ್ರಗಳನ್ನು ನಿತ್ಯ ಬರೆಯುವ ಕೈಗೆ ತನ್ನ ಪಾಲಿನ ಒಂದು ಪತ್ರವು ಭಾರವಾಯಿತೆ? ಸೋರಿಕೆಯ ದುರಸ್ತಿ ಒಡೆಯನದೆಂಬ ಒಂದು ಸಾಲನ್ನು ಸಹಿಗೆ ಮೊದಲೇ ಸೇರಿಸಿಕೊಳ್ಳಿರಿ. ಒಳಹೊಕ್ಕ ದಿನವೇ ಗೋಡೆಗಳ ಚಿತ್ರ ತೆಗೆದಿಡಿರಿ. ಚಳಿಗಾಲದಲ್ಲಿ ಖೋಲಿ ನೋಡಲು ಹೋದಾಗ ಎಲ್ಲ ಗೋಡೆಗಳೂ ಹಳತಾಗಿದ್ದು ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಕಂಡರೆ, ಆ ಮೂಲೆಯು ಶ್ರಾವಣದಲ್ಲಿ ಹೇಗಿರುತ್ತದೆಂದು ಪಕ್ಕದ ಖೋಲಿಯವರನ್ನು ವಿಚಾರಿಸಿರಿ.